ಬಳಪದಲ್ಲಿ ಬರೆದ ಉದ್ರಿ ಲೆಕ್ಕ

"ಮುಟ್ಟಬಹುದಾ?"

ನನ್ನ ಪುಸ್ತಕಗಳ ಮುಂದೆ ನಿಂತವರು ಮೊದಲು ಕೇಳುವುದು ಇದನ್ನೇ. ಕೆಲವರು ಮರಾಠಿಯಲ್ಲಿ, ಕೆಲವರು ಹಿಂದಿಯಲ್ಲಿ. ಇನ್ನು ಕೆಲವರು ಬಾಯಿ ಬಿಟ್ಟು ಕೇಳುವುದೇ ಇಲ್ಲ, ಕೈ ಅರ್ಧ ಚಾಚಿ ನನ್ನ ಮುಖ ನೋಡುತ್ತಾರೆ. ಪುಸ್ತಕದ ಅಂಗಡಿಯಲ್ಲಿ ಯಾರೂ ಹೀಗೆ ಕೇಳಲ್ಲ ಅಲ್ವಾ? ಮುಂಬಯಿಯ ಹುತಾತ್ಮಾ ಚೌಕದ ಫುಟ್‌ಪಾತ್‌ನಲ್ಲಿ ಹಳೇ ಪುಸ್ತಕದ ರಾಶಿ ಕಂಡರೆ ಕೈ ತಾನಾಗಿಯೇ ಹೋಗುತ್ತದೆ. ಅದೇ ಪುಸ್ತಕವನ್ನು ಬಿಳಿ ಗೋಡೆಯ ಕೋಣೆಯಲ್ಲಿ, ಮೇಲಿಂದ ದೀಪ ಬಿಟ್ಟು ಇಟ್ಟರೆ, ಕೈ ಅಲ್ಲೇ ನಿಂತುಬಿಡುತ್ತದೆ.

ಹನ್ನೊಂದು ವರ್ಷದಿಂದ ನಾನು ಕೈಯಲ್ಲಿ ಪುಸ್ತಕ ಮಾಡುತ್ತಿದ್ದೇನೆ. ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜೇ ನನ್ನ ಕೆಲಸದ ಮೇಜು. ಇಂಥ ಪುಸ್ತಕಕ್ಕೆ ಆರ್ಟಿಸ್ಟ್ ಬುಕ್ ಅಂತಾರೆ. ಕನ್ನಡದಲ್ಲಿ ಒಂದು ಹೆಸರು ಹುಡುಕಿ ಸುಸ್ತಾಗಿದ್ದೇನೆ. 'ಕಲಾವಿದರ ಪುಸ್ತಕ' ಅಂದರೆ ಕಲಾವಿದರ ಬಗ್ಗೆ ಬರೆದದ್ದು ಅಂದುಕೊಳ್ಳುತ್ತಾರೆ. 'ಕೈಪುಸ್ತಕ' ಅಂದರೆ ಕೈಪಿಡಿ ಆಗಿಬಿಡುತ್ತದೆ. ಅದಕ್ಕೆ ಮನೆಯಲ್ಲಿ ಸುಮ್ನೆ 'ಪುಸ್ತಕ' ಅಂತೇವೆ. ಒಳಗೆ ಬರೆದದ್ದು ಎಷ್ಟು ಮುಖ್ಯವೋ ಕಾಗದ, ಮಡಿಕೆ, ಹೊಲಿಗೆ, ತೂಕ, ಪುಟ ತಿರುವಿದಾಗ ಆಗುವ ಸದ್ದು ಕೂಡ ಅಷ್ಟೇ ಮುಖ್ಯ. ಒಳಗಿನದನ್ನು ಬೇರೆ ಕಾಗದಕ್ಕೆ ಇಳಿಸಿ ಮುದ್ರಿಸಿದರೆ ಅದು ಬೇರೆಯೇ ಪುಸ್ತಕ.

ಎಲ್ಲರೂ ದುಬಾರಿ ಕಾಗದದಲ್ಲೇ ಮಾಡಬೇಕು ಅಂತೇನೂ ಇಲ್ಲ. ಅಮೆರಿಕದ ಕಲಾವಿದ ಎಡ್ ರುಶೇ 1963ರಲ್ಲಿ ಹೆದ್ದಾರಿಯ ಪೆಟ್ರೋಲ್ ಬಂಕುಗಳ 26 ಫೋಟೋ ಸೇರಿಸಿ ಒಂದು ತೆಳ್ಳನೆಯ ಪುಸ್ತಕ ತಂದರು. ಮೊದಲ ಸಲ 400 ಪ್ರತಿ, ಸಾಮಾನ್ಯ ಪ್ರೆಸ್ಸಿನಲ್ಲಿ ಮುದ್ರಿಸಿದ್ದು. ಅವರಿಗೆ ಅದು ಕಡಿಮೆ ಬೆಲೆಯಲ್ಲಿ ಜನರ ಕೈಗೆ ಹೋಗಬೇಕಿತ್ತು. ನಮ್ಮವರೇ ಆದ ಛಾಯಾಗ್ರಾಹಕಿ ದಯಾನಿತಾ ಸಿಂಗ್ 2008ರಲ್ಲಿ ಏಳು ಪುಟ್ಟ ಪುಸ್ತಕಗಳನ್ನು ಒಂದು ಬಟ್ಟೆಯ ಪೆಟ್ಟಿಗೆಯಲ್ಲಿ ಹಾಕಿ ತಂದರು. ಒಂದೊಂದೂ ಹಾರ್ಮೋನಿಯಂ ತಿದಿಯ ಹಾಗೆ ಮಡಿಚಿದ್ದು. ಬಿಡಿಸಿ ಮೇಜಿನ ಮೇಲೆ ನಿಲ್ಲಿಸಿದರೆ ನಿಮ್ಮ ಮನೆಯಲ್ಲೇ ಒಂದು ಫೋಟೋ ಪ್ರದರ್ಶನ. ನನಗೆ ಈ ಯೋಚನೆ ಬಹಳ ಇಷ್ಟ. ಗ್ಯಾಲರಿಗೆ ಹೋಗಲಾಗದವರ ಮನೆಗೆ ಗ್ಯಾಲರಿಯೇ ಬರುತ್ತದೆ.

ಕೆಲಸ ಕಲಿತದ್ದು ಭಾಯಖಳಾದ ಒಬ್ಬ ಬೈಂಡರ್ ಚಾಚಾ ಹತ್ತಿರ. ಅವರು ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟು, ವಕೀಲರ ಪುಸ್ತಕ, ಹರಿದ ಕುರಾನು, ಹರಿದ ಜ್ಞಾನೇಶ್ವರಿ ಎಲ್ಲ ಕಟ್ಟುತ್ತಿದ್ದರು. ರಟ್ಟಿಗೆ ಪುಠ್ಠಾ ಅಂತಿದ್ದರು, ಮಡಿಚಿದ ಹಾಳೆಗಳ ಒಂದು ಕಟ್ಟಿಗೆ ಜುಜ್, ಅದನ್ನು ಹೊಲಿಯುವುದಕ್ಕೆ ಜುಜ್‌ಬಂದಿ, ರಟ್ಟಿನ ಒಳಮೈಗೆ ಅಂಟಿಸುವ ಹಾಳೆಗೆ ಅಸ್ತರ್. ಅಂಟು ಅಂದರೆ ಲೇಯಿ, ಮೈದಾ ಕುದಿಸಿ ಮಾಡಿದ್ದು. ಹುಳ ಬರದಿರಲಿ ಅಂತ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಹಾಗಾಗಿ ಆ ಪಾತ್ರೆಯನ್ನು ಬೇರೆ ಯಾವುದಕ್ಕೂ ಮುಟ್ಟಲು ಬಿಡುತ್ತಿರಲಿಲ್ಲ. ನಾನು ಮನೆಯ ಅಡುಗೆ ಒಲೆಯಲ್ಲೇ ಅಂಟು ಮಾಡುವುದರಿಂದ ಮೈಲುತುತ್ತ ಹಾಕಲ್ಲ, ಬೇಕಾದಷ್ಟೇ ಮಾಡಿಕೊಂಡು ಎರಡು ದಿನದಲ್ಲಿ ಮುಗಿಸುತ್ತೇನೆ.

ಮೊದಲ ಮೂರು ತಿಂಗಳು ಚಾಚಾ ನನಗೆ ಹೊಲಿಯಲು ಕೊಡಲಿಲ್ಲ. ಕಾಗದ ಹರಿಯಲು ಹೇಳಿದರು. ಒಂದು ಹಾಳೆಯನ್ನು ಉದ್ದಕ್ಕೆ ಹರಿ, ಅಡ್ಡಕ್ಕೆ ಹರಿ, ಯಾವ ಕಡೆ ನೇರವಾಗಿ ಹರಿಯಿತು ನೋಡು. ಮಿಲ್ಲಿನ ಕಾಗದದಲ್ಲಿ ನಾರುಗಳು ಯಂತ್ರದ ಜಾಲರಿ ಓಡುವ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿಗೆ ನೇರವಾಗಿ ಹರಿಯುತ್ತದೆ, ಸಲೀಸಾಗಿ ಮಡಿಚುತ್ತದೆ. ಇನ್ನೊಂದು ದಿಕ್ಕಿಗೆ ಹಲ್ಲು ಹಲ್ಲಾಗಿ ಹರಿಯುತ್ತದೆ, ಮಡಿಚಿದರೆ ಬಿರಿಯುತ್ತದೆ. ನೀರು ಕುಡಿದಾಗ ಕಾಗದ ಹಿಗ್ಗುವುದು ನಾರಿನ ಉದ್ದಕ್ಕಲ್ಲ, ಹೆಚ್ಚಾಗಿ ಅಡ್ಡಕ್ಕೆ. ಅದಕ್ಕೇ ನಾರಿನ ದಿಕ್ಕು ಯಾವತ್ತೂ ಪುಸ್ತಕದ ಬೆನ್ನಿನ ಜೊತೆ ಸಾಲಾಗಿ ಹೋಗಬೇಕು. ರಟ್ಟಿಗೂ ಹೊದಿಕೆಗೂ ಅಸ್ತರಿಗೂ ಇದೇ ಲೆಕ್ಕ. ಒಂದು ಅಡ್ಡ ಬಿದ್ದರೂ ಅದು ತನ್ನ ಕಡೆ ಎಳೆಯುತ್ತಾ ಇರುತ್ತದೆ.

ಇದನ್ನು ನಾನು ಕೇಳಿ ಕಲಿತೆ, ಆದರೆ ನಂಬಿದ್ದು ಒಂದು ಜುಲೈ ತಿಂಗಳಲ್ಲಿ. ಇಪ್ಪತ್ತು ಪ್ರತಿಯ ಒಂದು ಪುಸ್ತಕ. ದಿನ ಹತ್ತಿರ ಬಂದಿತ್ತು, ರಟ್ಟು ಉಳಿಸಲು ಆರು ಪ್ರತಿಗೆ ಅಡ್ಡ ಕತ್ತರಿಸಿದ್ದೆ. ರುಬ್ಬುವ ಕಲ್ಲು, ಎರಡು ಗ್ಯಾಸ್ ಸಿಲಿಂಡರ್, ಅಪ್ಪನ ಟ್ರಂಕು, ಮನೆಯಲ್ಲಿದ್ದ ಭಾರವನ್ನೆಲ್ಲ ಮೇಲೆ ಹೇರಿ ಐದು ದಿನ ಒಣಗಿಸಿದೆ. ತೆಗೆದಾಗ ಇಪ್ಪತ್ತೂ ಚಪ್ಪಟೆಯಾಗಿಯೇ ಇದ್ದವು. ಎರಡು ರಾತ್ರಿ ಕಳೆಯಿತು. ಬೆಳಗ್ಗೆ ಎದ್ದು ನೋಡಿದರೆ ಆ ಆರು ಮಾತ್ರ ಬಿಸಿನೀರಿಗೆ ಹಾಕಿದ ಕಪ್ಪೆಚಿಪ್ಪಿನ ಹಾಗೆ ಬಾಯಿ ಬಿಟ್ಟಿದ್ದವು. ಮುಂಬಯಿಯ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಕಪಾಟಿನ ಚಪ್ಪಲಿಗೂ ಬೂಷ್ಟು ಬರುತ್ತದೆ, ಇನ್ನು ಕಾಗದ ಯಾವ ಲೆಕ್ಕ. ಆ ಆರನ್ನೂ ಬಿಚ್ಚಿ ಮತ್ತೆ ಕಟ್ಟಿದೆ. ಈಗ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಲಿಗೆ ಕೆಲಸ ಮಾತ್ರ, ಅಂಟಿನ ಕೆಲಸ ಇಲ್ಲ.

ಕೈಕಾಗದಕ್ಕೆ ಈ ತೊಂದರೆ ತುಂಬಾ ಕಡಿಮೆ. ಅದಕ್ಕಾಗಿ ನಾನು ಪುಣೆಗೆ ಹೋಗುತ್ತೇನೆ, ಶಿವಾಜಿನಗರದ ಕೈಕಾಗದ ಸಂಸ್ಥೆಗೆ. ಅದು 1940ರಲ್ಲಿ ಶುರುವಾದದ್ದು. ಹತ್ತಿ ಬಟ್ಟೆಯ ಚೂರುಗಳನ್ನು ನೀರಿನಲ್ಲಿ ಅರೆದು ಅರೆದು ತಿಳಿ ಗಂಜಿಯಂಥ ತಿರುಳು ಮಾಡುತ್ತಾರೆ. ಅದರೊಳಗೆ ಜಾಲರಿ ಕಟ್ಟಿದ ಚೌಕಟ್ಟನ್ನು ಮುಳುಗಿಸಿ ಎತ್ತಿ, ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಅಲುಗಿಸುತ್ತಾರೆ. ಆ ಅಲುಗಾಟದಲ್ಲಿ ನಾರುಗಳು ಎಲ್ಲ ದಿಕ್ಕಿಗೂ ಹೆಣೆದುಕೊಳ್ಳುತ್ತವೆ. ಮನೆಯಲ್ಲಿ ಅಮ್ಮ ಮೊರದಲ್ಲಿ ಅಕ್ಕಿ ಕೇರುವಾಗ ಮೊಣಕೈ ಹೇಗೆ ಆಡುತ್ತದೋ ಹಾಗೇ ಆಡುತ್ತದೆ ಅಲ್ಲಿ ಕೆಲಸ ಮಾಡುವವರ ಕೈ. ಎಷ್ಟು ಹೊತ್ತು ನಿಂತು ನೋಡಿದರೂ ನನಗೆ ಬೇಸರ ಬರಲ್ಲ.

ಇಷ್ಟೆಲ್ಲ ಮಾಡುವುದು ಒಬ್ಬರು ಕೈಗೆತ್ತಿಕೊಂಡು ಬಿಡಿಸಲಿ ಅಂತ. ಹಾಗಿರುವಾಗ ನಾಲ್ಕು ವರ್ಷದ ಹಿಂದೆ ದಕ್ಷಿಣ ಮುಂಬಯಿಯ ಒಂದು ಗ್ಯಾಲರಿಯಲ್ಲಿ ಆದದ್ದು ನನಗೆ ಇನ್ನೂ ಚುಚ್ಚುತ್ತದೆ. ಐದಾರು ಜನರ ಒಟ್ಟು ಪ್ರದರ್ಶನ. ನನ್ನದು 18 ಮಡಿಕೆಯ ಪುಸ್ತಕ. ಅದನ್ನು ಎರಡು ಮಡಿಕೆಗೆ ತೆರೆದು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ದಿನಕ್ಕೆ ಒಂದು ಮಡಿಕೆ ಆದರೂ ತಿರುವೋಣ ಅಂತ ಕೇಳಿದೆ. ಬೀಗದ ಕೈ ಇದ್ದವರು ಉದ್ಘಾಟನೆ ದಿನ ಬಿಟ್ಟರೆ ಮತ್ತೆ ಬರಲಿಲ್ಲ. ಒಂಬತ್ತು ದಿನ ಆ ಎರಡು ಮಡಿಕೆಯೇ. ಉಳಿದ ಹದಿನಾರನ್ನು ಒಬ್ಬರೂ ನೋಡಲಿಲ್ಲ. ಜನ ಬಗ್ಗಿ ನೋಡಿ, ಗಾಜಿಗೆ ಉಸಿರು ತಾಗಿ ಮಬ್ಬಾದಾಗ ತೋಳಿನಿಂದ ಒರೆಸಿ, ಮುಂದೆ ಹೋದರು.

ಗಾಜೇ ಬೇಡ ಅಂತ ನಾನು ಹೇಳಲ್ಲ. ಮುನ್ನೂರು ವರ್ಷದ ಹಸ್ತಪ್ರತಿಗೆ ಅದು ಬೇಕು. ಬೆಳಕು ಕೂಡ ಕಾಗದವನ್ನು ತಿನ್ನುತ್ತದೆ. ಮ್ಯೂಸಿಯಂಗಳಲ್ಲಿ ಕಾಗದದ ಮೇಲೆ ಸುಮಾರು 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೀಳದಂತೆ ನೋಡಿಕೊಳ್ಳುವುದು ಅದಕ್ಕೇ. ಆದರೆ ಬಿಳಿ ಕೈಗವಸು ಹಾಕಿ ಪುಟ ತಿರುವುವುದು ಸಿನಿಮಾದವರ ಅಭ್ಯಾಸ. ಬ್ರಿಟಿಷ್ ಲೈಬ್ರರಿಯೇ ತನ್ನ ಹಳೆಯ ಪುಸ್ತಕಗಳಿಗೆ, ಹಸ್ತಪ್ರತಿಗಳಿಗೆ ತೊಳೆದು ಒಣಗಿಸಿದ ಬರಿಗೈಯೇ ಒಳ್ಳೆಯದು ಅನ್ನುತ್ತದೆ. ಗವಸು ಹಾಕಿದ ಬೆರಳಿಗೆ ಪುಟದ ಅಂಚು ತಿಳಿಯುವುದಿಲ್ಲ, ಹರಿದುಬಿಡುತ್ತದೆ. ಅಷ್ಟು ಹಳೆಯ ಪುಸ್ತಕಕ್ಕೇ ಬರಿಗೈ ಆಗುತ್ತದೆ ಅಂದಮೇಲೆ ಹೋದ ತಿಂಗಳು ನಾನು ಮಾಡಿದ್ದಕ್ಕೆ ಯಾಕೆ ಆಗಬಾರದು?

ಆ ಒಂಬತ್ತು ದಿನದ ಕೊನೆಗೆ ಲೋಕಲ್‌ನಲ್ಲಿ ಮನೆಗೆ ಬರುವಾಗ ಒಂದು ಯೋಚನೆ ಬಂತು. ಮುಟ್ಟಿದರೆ ಹಾಳಾಗುತ್ತದೆ ಅಂತಲ್ಲವಾ ಭಯ? ಹಾಗಾದರೆ ಮುಟ್ಟಿದಷ್ಟೂ ಅಳಿಸಿಹೋಗುವ ಪುಸ್ತಕವನ್ನೇ ಮಾಡಬೇಕು, ಅದನ್ನು ಎಲ್ಲರ ಕೈಗೂ ಕೊಡಬೇಕು.

ಅದಕ್ಕೆ ಬೇಕಾದದ್ದು ನಮ್ಮಲ್ಲೇ ಇತ್ತು. ಕಡತ. ಈಗ ನಮಗೆ ಕಡತ ಅಂದರೆ ಸರ್ಕಾರಿ ಕಚೇರಿಯ ಫೈಲು, ವಿಲೇವಾರಿ ಆಗದೆ ಕೂತಿರುವಂಥದ್ದು. ಮೊದಲು ಅದು ಬಟ್ಟೆಯ ಪುಸ್ತಕ. ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಿಚಿ ಮಾಡುತ್ತಿದ್ದರು. ಕಪ್ಪು ಮೈ, ಅದರ ಮೇಲೆ ಬಳಪದಲ್ಲಿ ಬಿಳಿ ಅಕ್ಷರ. ಅಂಗಡಿಯವರು, ಶಾನುಭೋಗರು, ಮಠದವರು ಲೆಕ್ಕ ಇಡುತ್ತಿದ್ದದ್ದು ಇದರಲ್ಲಿ. ಶೃಂಗೇರಿ ಮಠದ ಹಳೆಯ ದಾಖಲೆಗಳಲ್ಲಿ ಕಡತಗಳಿವೆ. ಬೇಡವಾದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ಮೈ ಸವೆದರೆ ಮತ್ತೆ ಬಳಿಯಬಹುದು. ಒಂದನೇ ಕ್ಲಾಸಿನಲ್ಲಿ ನಾವೆಲ್ಲ ಉಗುಳು ಹಚ್ಚಿ ಒರೆಸುತ್ತಿದ್ದ ಸ್ಲೇಟನ್ನು ನೆನೆಸಿಕೊಳ್ಳಿ, ಅದೇ ಸ್ಲೇಟು ಮಾರುದ್ದ ಇದ್ದು ಮಡಿಚಿ ಕಂಕುಳಲ್ಲಿ ಇಟ್ಟುಕೊಳ್ಳುವ ಹಾಗಿದ್ದರೆ ಹೇಗೆ!

ಮಾಡಲು ಐದು ತಿಂಗಳು ಹಿಡಿಯಿತು. ಮಂಗಲದಾಸ್ ಮಾರ್ಕೆಟ್‌ನಿಂದ ಮಾಂಜರ್‌ಪಾಟ್ ತಂದೆ, ಬಿಳುಪು ಮಾಡದ ಒರಟು ಹತ್ತಿ ಬಟ್ಟೆ ಅದು. ಒಗೆದು ಒಗೆದು ಅದರ ಗಂಜಿ ತೆಗೆದೆ. ಹುಣಸೆ ಬೀಜ ಕುಂದಾಪುರದಿಂದ ಚಿಕ್ಕಮ್ಮ ಮತ್ಸ್ಯಗಂಧ ರೈಲಿನಲ್ಲಿ ಬರುವವರ ಕೈಯಲ್ಲಿ ಕಳಿಸಿದರು, ನಾಲ್ಕು ಕಿಲೋ. ಹುರಿಯಬೇಕು, ಸಿಪ್ಪೆ ಬಿಡಿಸಬೇಕು, ರಾತ್ರಿ ನೆನೆಸಬೇಕು, ನುಣ್ಣಗೆ ರುಬ್ಬಬೇಕು, ಕೈ ಬಿಡದೆ ತಿರುವುತ್ತಾ ಕುದಿಸಬೇಕು. ಮೊದಲ ಸಲ ಅಂಟು ಗಟ್ಟಿಯಾಯಿತು, ಒಣಗಿದ ಮೇಲೆ ಮಡಿಚಿದರೆ ಕಪ್ಪೆಲ್ಲ ಹಪ್ಪಳದ ಹಾಗೆ ಸಿಡಿದು ಉದುರಿತು. ಎರಡನೇ ಸಲ ನೀರಾಯಿತು, ಇದ್ದಿಲು ಬಟ್ಟೆಗೆ ಹಿಡಿಯಲೇ ಇಲ್ಲ, ಮುಟ್ಟಿದವರ ಕೈಯೆಲ್ಲ ಕಪ್ಪು. ಮೂರನೇ ಸಲ ತೆಳುವಾಗಿ ಐದು ಸಲ ಬಳಿದೆ, ಪ್ರತಿ ಸಲ ಪೂರ್ತಿ ಒಣಗಿಸಿ, ನುಣುಪಾದ ಹೊಳೆಕಲ್ಲಿನಿಂದ ಉಜ್ಜಿ. ಎಮ್ಮೆಯ ಮೈ ಹಾಗೆ ಒಂದು ಮಂಕು ಹೊಳಪು ಬಂತು. ಬಳಪ ಅದರ ಮೇಲೆ ಕಿರ್ರ್ ಅನ್ನದೆ ಓಡಿತು. ಬೇಲೂರು ಹಳೇಬೀಡಿನ ಗುಡಿಗಳನ್ನು ಕಟ್ಟಿದ್ದೂ ಬಳಪದ ಕಲ್ಲಿನಲ್ಲೇ. ಉಳಿಯಲ್ಲಿ ಕೆತ್ತಿದರೆ ಒಂಬೈನೂರು ವರ್ಷ ನಿಲ್ಲುವ ಕಲ್ಲು, ಬಟ್ಟೆಯ ಮೇಲೆ ಬರೆದರೆ ಹೆಬ್ಬೆಟ್ಟಿಗೆ ಹೋಗುತ್ತದೆ.

ಏನು ಬರೆಯಬೇಕು ಅನ್ನುವುದಕ್ಕೆ ನಾನು ಯೋಚಿಸಬೇಕಾಗಿ ಬರಲಿಲ್ಲ. ಅಪ್ಪ ಲಾಲ್‌ಬಾಗ್‌ನ ಒಂದು ಉಡುಪಿ ಹೋಟೆಲ್‌ನ ಗಲ್ಲಾದಲ್ಲಿ ಕೂತಿದ್ದವರು. ಹದಿಮೂರನೇ ವಯಸ್ಸಿಗೆ ಊರು ಬಿಟ್ಟು ಬಂದು, ಹಗಲು ಟೇಬಲ್ ಒರೆಸಿ, ರಾತ್ರಿ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಗಲ್ಲಾದ ತನಕ ಬಂದವರು. ಹೋಟೆಲ್‌ಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಬಟ್ಟೆ ಗಿರಣಿಯ ಕಾರ್ಮಿಕರು. ತಿಂಗಳಿಡೀ ತಿಂದು ಪಗಾರದ ದಿನ ಕೊಡುವ ಉದ್ರಿ ಲೆಕ್ಕ. 1982ರ ಜನವರಿ 18ಕ್ಕೆ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಜನ ಕೆಲಸ ನಿಲ್ಲಿಸಿದರು. ಒಂದು ವರ್ಷ ದಾಟಿದರೂ ಮುಗಿಯಲಿಲ್ಲ. ಅನೇಕ ಗಿರಣಿಗಳು ಮತ್ತೆ ಸರಿಯಾಗಿ ತೆರೆಯಲೇ ಇಲ್ಲ. ಜನ ಸಾತಾರಾ, ರತ್ನಾಗಿರಿ, ಸಿಂಧುದುರ್ಗ ಅಂತ ತಮ್ಮ ತಮ್ಮ ಊರಿಗೆ ಹೋದರು. ಅಪ್ಪನ ಉದ್ರಿ ಪುಸ್ತಕ ದಪ್ಪವಾಗುತ್ತಲೇ ಹೋಯಿತಂತೆ. ಹೋಟೆಲ್ ಮುಚ್ಚಿದಾಗ ಆ ಪುಸ್ತಕ ರದ್ದಿಗೆ ಹೋಯಿತು.

ಅಪ್ಪನ ತಲೆಯಲ್ಲಿ ಮಾತ್ರ ಉಳಿದಿತ್ತು. ಹೆಸರು ಎಷ್ಟೋ ಜನರದ್ದು ಅವರಿಗೆ ಗೊತ್ತೇ ಇರಲಿಲ್ಲ, ಕೂರುವ ಜಾಗದಿಂದ ಗುರುತು. ಒಂದು ಭಾನುವಾರ ಕೂರಿಸಿ ಕೇಳಿದೆ, ಆಮೇಲೆ ಎಂಟು ಭಾನುವಾರ ಅವರೇ ಕರೆದು ಕೂರಿಸಿಕೊಂಡರು. "ಕೈ ತೊಳೆಯುವ ಜಾಗದ ಹತ್ತಿರದವರು, ಊಟ 22, ಚಾ 40." "ಕನ್ನಡಕದವರು, ರಾತ್ರಿ ಪಾಳಿ, ಬರೀ ಚಾ ಪಾವ್, ಬಾಕಿ 61 ರೂಪಾಯಿ." "ಅಣ್ಣ ತಮ್ಮ, ಒಂದೇ ಲೆಕ್ಕ, ತಮ್ಮ ಊರಿಗೆ ಹೋದ, ಅಣ್ಣ ಅರ್ಧ ಊಟ." ಹೀಗೆ 24 ಮಡಿಕೆ ತುಂಬಿದವು. ನಾನು ಒಂದು ಮಾತೂ ಸೇರಿಸಲಿಲ್ಲ.

ಪ್ರದರ್ಶನ ಈ ಸಲ ಗ್ಯಾಲರಿಯಲ್ಲಲ್ಲ. ಮಾಟುಂಗಾದಲ್ಲಿ ಗೆಳತಿಯ ಹಳೇ ಕಾಲದ ಮನೆಯ ಹಾಲ್, ಪುಸ್ತಕ ಮಾಡುವ ನಾವು ಆರು ಜನ, ಮೂರು ದಿನ. ಮೇಜುಗಳು ಕೂತು ಓದುವ ಎತ್ತರದವು, ಪ್ರತಿ ಮೇಜಿಗೆ ಎರಡು ಕುರ್ಚಿ. ಇದು ಸಣ್ಣ ವಿಷಯ ಅನ್ನಿಸಬಹುದು, ಅಲ್ಲ. ನಿಂತವರು ಪುಸ್ತಕ ನೋಡುತ್ತಾರೆ, ಕೂತವರು ಓದುತ್ತಾರೆ. ಬಾಗಿಲಲ್ಲಿ ಒಂದು ಬಕೆಟ್ ನೀರು, ಸೋಪು, ಪಂಚೆ. ಕೈ ತೊಳೆದು ಒರೆಸಿಕೊಂಡು ಬನ್ನಿ ಅಂತ ಮೂರು ಭಾಷೆಯಲ್ಲಿ ಬರೆದು ಹಾಕಿದ್ದೆವು. ಮಾರಾಟ ಪರವಾಗಿಲ್ಲ, ನನ್ನ ಸಣ್ಣ ಪುಸ್ತಕಗಳು ಒಂಬತ್ತು ಹೋದವು. ಕಡತ ಮಾರಾಟಕ್ಕೆ ಇರಲಿಲ್ಲ.

ಮೊದಲ ದಿನ ಜನ ಹೆದರಿ ಹೆದರಿ ಮುಟ್ಟಿದರು. ಬೆರಳು ಬೆಳ್ಳಗಾದದ್ದು ನೋಡಿ "ಅಯ್ಯೋ, ಅಳಿಸಿಹೋಯ್ತು" ಅಂತ ನನ್ನ ಕಡೆ ತಿರುಗಿದರು. ಹೋಗಲಿ ಬಿಡಿ, ಓದಿ ಅಂದೆ. ಎರಡನೇ ದಿನ ಮಕ್ಕಳು ಬಂದರು, ಮಧ್ಯದ ನಾಲ್ಕು ಮಡಿಕೆ ಮೋಡದ ಹಾಗಾಯಿತು. ನನಗೆ ನೋವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಒಂಬತ್ತು ಭಾನುವಾರ ಬರೆದ ಅಕ್ಷರ ಅವು. ಆದರೆ ಆ ಗಾಜಿನ ಪೆಟ್ಟಿಗೆಯ ಮುಂದೆ ಆದ ನೋವಿಗೂ ಇದಕ್ಕೂ ಅಜಗಜಾಂತರ. ಅಲ್ಲಿ ಏನೂ ಅಳಿಯಲಿಲ್ಲ, ಯಾರಿಗೂ ಏನೂ ತಲುಪಲೂ ಇಲ್ಲ. ಇಲ್ಲಿ ಕನ್ನಡ ಬಾರದವರೂ ಕೂತು, ಇದೇನು ಅಂತ ಕೇಳಿ, ನಾನು ಮರಾಠಿಯಲ್ಲಿ ಓದಿ ಹೇಳುವಾಗ ಆ ಸಾಲಿನ ಕೆಳಗೆ ಬೆರಳು ಹಿಡಿದುಕೊಂಡು ಕೇಳಿದರು.

ಒಬ್ಬರು ಮಾತ್ರ ಮುಟ್ಟಲಿಲ್ಲ. ಅರವತ್ತು ದಾಟಿದ ಹೆಂಗಸು, ಪರೇಲ್ ಕಡೆಯವರು, ಗಂಡ ಗಿರಣಿಯಲ್ಲಿ ಇದ್ದವರಂತೆ. ಕಡತವನ್ನು ಎರಡೂ ಅಂಚಿನಲ್ಲಿ ಹಿಡಿದು, ಅಕ್ಷರಕ್ಕೆ ಉಗುರೂ ತಾಗದ ಹಾಗೆ, ಒಂದೊಂದೇ ಮಡಿಕೆ ತಿರುವಿದರು. ಆಗಲೇ ಅಳಿಸಿಹೋದ ಮಡಿಕೆಗಳನ್ನೂ ಅಷ್ಟೇ ಜಾಗ್ರತೆಯಿಂದ ತಿರುವಿದರು. ಮುಟ್ಟಬಹುದು ತಾಯಿ, ಅಂದೆ. ತಲೆ ಅಲ್ಲಾಡಿಸಿದರು. "ಜನರ ಲೆಕ್ಕ ಇದು," ಅಂದರು, ಅಷ್ಟೇ. ಮುಟ್ಟಲಿ ಅಂತಲೇ ಮಾಡಿದ್ದೆ ನಾನು. ಅವರು ಮುಟ್ಟದೆ ಇದ್ದದ್ದೂ ಓದುವುದೇ ಆಗಿತ್ತು.

ಮೂರನೇ ದಿನ ಸಂಜೆ ಅಪ್ಪ ಬಂದರು. ಡೊಂಬಿವಲಿಯಿಂದ ಒಬ್ಬರೇ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಬಾಗಿಲಲ್ಲಿ ಕೈ ತೊಳೆದು, ಕುರ್ಚಿ ಎಳೆದು ಕೂತು, ಗಲ್ಲಾದಲ್ಲಿ ಕೂತವರ ಹಾಗೆ ಮೊಣಕೈ ಮೇಜಿಗೆ ಊರಿ ಒಂದನೇ ಮಡಿಕೆಯಿಂದ ಶುರು ಮಾಡಿದರು. ಅಳಿಸಿಹೋದ ಕಡೆ ನಿಲ್ಲಲಿಲ್ಲ, ತುಟಿ ಅಲುಗುತ್ತಿತ್ತು, ಅದು ಅವರಿಗೆ ಬಾಯಿಪಾಠ. ಹತ್ತೊಂಬತ್ತನೇ ಮಡಿಕೆಯಲ್ಲಿ ಬೆರಳು ನಿಂತಿತು.

"ಇದ್ ತಪ್ ಮಗಾ. ಇವ್ರ್ ಕೊಟ್ಟಿದ್ರ್."

ಕನ್ನಡಕದವರು, ರಾತ್ರಿ ಪಾಳಿ, ಬಾಕಿ 61 ರೂಪಾಯಿ. ಮೂರು ವರ್ಷ ಬಿಟ್ಟು ಊರಿಂದ ಬಂದು ಕೊಟ್ಟು ಹೋಗಿದ್ದರಂತೆ, ಜೊತೆಗೆ ಒಂದು ಚೀಲ ಕೋಕಂ ಕೂಡ. ಹೇಳುವಾಗ ಮರೆತುಹೋಗಿತ್ತಂತೆ, ಈಗ ನೋಡಿದ ಕೂಡಲೇ ನೆನಪಾಯಿತು. ಅಪ್ಪ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಆ ಸಾಲನ್ನು ಪೂರ್ತಿ ಒರೆಸಿದರು. ನನ್ನ ಹತ್ತಿರ ಬಳಪ ಕೇಳಿ ತಗೊಂಡು, ಅಲ್ಲೇ, ರಾತ್ರಿ ಶಾಲೆಯ ಆ ದುಂಡು ಅಕ್ಷರದಲ್ಲಿ 'ಪಾವತಿ' ಅಂತ ಬರೆದರು. ಬರೆದದ್ದನ್ನು ಒಮ್ಮೆ ಊದಿ, ಇಪ್ಪತ್ತನೇ ಮಡಿಕೆ ತಿರುವಿದರು.